ಪಿಕಪ್‌ನ ಮುಂದಿನ ಸಸ್ಪೆನ್ಷನ್: ಕಾಯಿಲ್‌ಓವರ್ ಹಾಕಿಸುವ ಮೊದಲು ಗಾಡಿಯನ್ನು ತೂಗಿಸಿ

ಪ್ರಶ್ನೆ (ಮೂಡಿಗೆರೆಯ ಕಾಫಿ ಬೆಳೆಗಾರರು):
ಸರ್, ನಮಸ್ಕಾರ. ನನ್ನದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಫೋರ್ ವೀಲ್ ಡ್ರೈವ್. ತೋಟದ ಕೆಲಸಕ್ಕೂ ಬೆಂಗಳೂರಿಗೆ ಹೋಗಿಬರುವುದಕ್ಕೂ ಇದೊಂದೇ ಗಾಡಿ. ಮಳೆಗಾಲದಲ್ಲಿ ಹೂತರೆ ಎಳೆದುಕೊಳ್ಳಲೆಂದು ಮುಂದೆ ಕಬ್ಬಿಣದ ಬಂಪರ್ ಮತ್ತು ವಿಂಚ್ ಹಾಕಿಸಿದ್ದೇನೆ. ಅಂದಿನಿಂದ ಮೂತಿ ಕೆಳಗೆ ಕುಳಿತಿದೆ, ತೋಟದ ಕೊರಕಲಿಗೆ ಇಳಿದರೆ ಧಡಾರ್ ಎಂದು ಬಡಿಯುತ್ತದೆ. ಎತ್ತರ ಹೊಂದಿಸುವ ಕಾಯಿಲ್‌ಓವರ್ (ಶಾಕ್ ಅಬ್ಸಾರ್ಬರ್ ಮತ್ತು ಅದರ ಸುತ್ತಲಿನ ಸ್ಪ್ರಿಂಗ್ ಸೇರಿದ ಸೆಟ್) ಹಾಕಿಸಿ ಮೂರು ಇಂಚು ಎತ್ತಿಬಿಡು ಎಂದು ಗೆಳೆಯರು ಹೇಳುತ್ತಾರೆ. ಇನ್ನೊಬ್ಬರು ಬರಿಯ ಸ್ಪೇಸರ್ ಸಾಕು ಎನ್ನುತ್ತಾರೆ. ಯಾವುದು ಸರಿ?

ಉತ್ತರ (ಹಾಸನದ ಸಸ್ಪೆನ್ಷನ್ ಮೆಕ್ಯಾನಿಕ್):
ನಮಸ್ಕಾರ ಸರ್. ಗೆಳೆಯರಿಬ್ಬರಿಗೂ ಸ್ವಲ್ಪ ತಡೆಯಲು ಹೇಳಿ. ಮೊದಲು ಗಾಡಿಯನ್ನು ವೇಬ್ರಿಡ್ಜ್‌ಗೆ ಒಯ್ಯಿರಿ. ಕಾಫಿ ಕ್ಯೂರಿಂಗ್ ಮಾಡುವ ಕಡೆಗಳಲ್ಲಿ ಇದ್ದೇ ಇರುತ್ತದೆ. ಮುಂದಿನ ಎರಡು ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಒಂದು ತೂಕ, ಇಡೀ ಗಾಡಿಯದು ಇನ್ನೊಂದು ತೂಕ. ಡೀಸೆಲ್ ತುಂಬಿಸಿ, ದಿನವೂ ಗಾಡಿಯಲ್ಲಿರುವ ಸಾಮಾನೆಲ್ಲವೂ ಇರಲಿ. ಆ ಚೀಟಿ ಇಲ್ಲದೆ ಸ್ಪ್ರಿಂಗ್ ಆರಿಸುವುದೆಂದರೆ ಅಳತೆ ಕೊಡದೆ ಅಂಗಿ ಹೊಲಿಸಿದಂತೆ.

ಕಬ್ಬಿಣದ ಬಂಪರ್ ಮತ್ತು ವಿಂಚ್ ಸೇರಿದರೆ ನೂರು ಕೆಜಿ ಆಸುಪಾಸು. ಆ ಭಾರ ಮುಂದಿನ ಆಕ್ಸಲ್‌ಗಿಂತಲೂ ಮುಂದೆ ನೇತಾಡುವುದರಿಂದ ಹಿಂದಿನ ಚಕ್ರಗಳ ಮೇಲಿನ ಭಾರವನ್ನು ಅಷ್ಟಿಷ್ಟು ಎತ್ತಿ ಅದನ್ನೂ ಮುಂದಕ್ಕೆ ತಳ್ಳುತ್ತದೆ. ನೀವು ಹಾಕಿಸಿದ್ದು ನೂರು ಕೆಜಿ, ಮುಂದಿನ ಸ್ಪ್ರಿಂಗ್ ಹೊರುವುದು ಅದಕ್ಕಿಂತ ಹೆಚ್ಚು. ಮೂತಿ ಕುಳಿತಿರುವುದು ಇದರಿಂದ. ಸ್ಪ್ರಿಂಗ್ ಮೊದಲೇ ಅಷ್ಟು ಕುಗ್ಗಿ ನಿಂತಿರುವುದರಿಂದ ಚಕ್ರ ಮೇಲಕ್ಕೆ ಹೋಗಲು ಜಾಗ ಕಡಿಮೆ, ಕೊರಕಲಿನಲ್ಲಿ ಬೇಗನೆ ಬಂಪ್ ಸ್ಟಾಪ್‌ಗೆ (ಚಕ್ರ ಇನ್ನೂ ಮೇಲೆ ಹೋಗದಂತೆ ತಡೆಯುವ ರಬ್ಬರ್ ತುಂಡಿಗೆ) ಬಡಿಯುತ್ತದೆ.

ಸ್ಪೇಸರ್ ಶಾಕ್‌ನ ತಲೆಯ ಮೇಲೆ ಕೂರುವ ಒಂದು ಬಿಲ್ಲೆ. ಗಾಡಿ ಎತ್ತರವಾಗುತ್ತದೆ ನಿಜ, ಆದರೆ ಸ್ಪ್ರಿಂಗ್‌ಗೆ ಒಂದು ಗುಲಗಂಜಿಯಷ್ಟೂ ಬಲ ಬರುವುದಿಲ್ಲ. ಮೇಲಾಗಿ ಚಕ್ರ ಕೆಳಗೆ ನೇತಾಡಿದಾಗ ಅದನ್ನು ಹಿಡಿದಿರುವ ಆರ್ಮ್‌ಗಳು (ತೋಳುಗಳು) ಕಂಪನಿ ಇಟ್ಟ ಮಿತಿಗಿಂತ ಕೆಳಗೆ ಇಳಿಯುತ್ತವೆ, ಆರ್ಮ್ ತುದಿಯ ಬಾಲ್ ಜಾಯಿಂಟ್ ತಿರುಚಿಕೊಳ್ಳುತ್ತದೆ. ನಿಮಗೆ ಬೇಡ.

ಇನ್ನು ಕಾಯಿಲ್‌ಓವರ್. ನಿಮ್ಮ ಗಾಡಿಯಲ್ಲಿ ಈಗಾಗಲೇ ಮುಂದೆ ಡಬಲ್ ವಿಷ್‌ಬೋನ್ (ಪ್ರತಿ ಚಕ್ರಕ್ಕೆ ಮೇಲೊಂದು, ಕೆಳಗೊಂದು ಆರ್ಮ್) ಇದೆ, ಶಾಕ್‌ನ ಸುತ್ತಲೇ ಕಾಯಿಲ್ ಸ್ಪ್ರಿಂಗ್ ಇದೆ. ಹೊಸದರಲ್ಲಿ ವ್ಯತ್ಯಾಸವೆಂದರೆ, ಶಾಕ್‌ನ ಮೈಗೆ ಬೋಲ್ಟಿನಲ್ಲಿರುವಂತೆ ಮರೆ (ತಿರುಪಿನ ಗೆರೆ) ಕೊರೆದಿರುತ್ತಾರೆ. ಸ್ಪ್ರಿಂಗ್ ಕೂರುವ ಬಳೆಯನ್ನು ಆ ಮರೆಯ ಮೇಲೆ ತಿರುಗಿಸಿ ಮೇಲೆ ಕೆಳಗೆ ಮಾಡಬಹುದು. ಬಳೆ ತಿರುಗಿಸಿದರೆ ಸ್ಪ್ರಿಂಗ್ ಗಡುಸಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. ಸ್ಪ್ರಿಂಗ್ ಮೇಲೆ 600 ಎಂದು ಬರೆದಿದ್ದರೆ ಒಂದು ಇಂಚು ಕುಗ್ಗಿಸಲು 600 ಪೌಂಡ್, ಅಂದರೆ ಸುಮಾರು 272 ಕೆಜಿ ಬೇಕು ಎಂದರ್ಥ. ಬಳೆ ಎಲ್ಲಿದ್ದರೂ ಆ ಲೆಕ್ಕ ಬದಲಾಗದು. ಬದಲಾಗುವುದು ಗಾಡಿ ನಿಲ್ಲುವ ಎತ್ತರ ಮಾತ್ರ. ಸ್ಪ್ರಿಂಗ್ ಮೃದುವಾಗಿದ್ದು ಬಳೆಯಿಂದಲೇ ಎತ್ತರ ಎಳೆದರೆ ಶಾಕ್ ಹೆಚ್ಚುಕಡಿಮೆ ಪೂರ್ತಿ ಚಾಚಿಕೊಂಡು ನಿಲ್ಲುತ್ತದೆ. ಚಕ್ರ ಗುಂಡಿಗೆ ಇಳಿಯಲು ಅವಕಾಶವೇ ಉಳಿಯದೆ, ಪ್ರತಿ ಗುಂಡಿಗೂ ಶಾಕ್ ಕೊನೆಗೆ ತಾಗಿ ಟಕ್ ಎನ್ನುತ್ತದೆ. ಜನ ಅದನ್ನೇ ಗಡುಸು ಎಂದುಕೊಳ್ಳುತ್ತಾರೆ.

ಆದ್ದರಿಂದ ತೂಕದ ಚೀಟಿ ಕೊಟ್ಟು ಅದಕ್ಕೆ ಹೊಂದುವ ಸ್ಪ್ರಿಂಗ್ ಕೇಳಿ. ಬಳೆಯನ್ನು ಕೊನೆಯ ಸಣ್ಣ ತಿದ್ದುಪಡಿಗೆ ಮಾತ್ರ ಇಟ್ಟುಕೊಳ್ಳಿ. ಶಾಕ್ ಲೋವರ್ ಆರ್ಮ್‌ನ ನಡುಭಾಗದಲ್ಲಿ ಕೂರುವುದರಿಂದ ಬಳೆಯಲ್ಲಿ 10 ಮಿಲಿಮೀಟರ್ ಏರಿಸಿದರೆ ಚಕ್ರದ ಬಳಿ 15ರಿಂದ 20 ಮಿಲಿಮೀಟರ್ ಎತ್ತರ ಸಿಗುತ್ತದೆ. ಕೈ ಬಿಗಿಹಿಡಿದು ತಿರುಗಿಸಬೇಕು.

ಪ್ರಶ್ನೆ (ಅದೇ ಬೆಳೆಗಾರರು):
ಅರ್ಥವಾಯಿತು ಸರ್. ಆದರೆ ಮೂರು ಇಂಚು ಬೇಡ ಎನ್ನುತ್ತೀರಾ? ತೋಟದ ಒಳಗೆ ಕಲ್ಲು ತಾಗುತ್ತದೆ.

ಉತ್ತರ:
ಕುಳಿತ ಮೂತಿ ಮೊದಲಿನ ಮಟ್ಟಕ್ಕೆ ಬರಲಿ, ಅದರ ಮೇಲೆ 25ರಿಂದ 40 ಮಿಲಿಮೀಟರ್ ಸಾಕು. 50 ದಾಟಿದರೆ ಖರ್ಚಿನ ಬಾಗಿಲು ಒಂದೊಂದಾಗಿ ತೆರೆಯುತ್ತದೆ. ಅಪ್ಪರ್ ಆರ್ಮ್‌ನ ಬಾಲ್ ಜಾಯಿಂಟ್ ತನ್ನ ಕೊನೆಯ ಕೋನ ಮುಟ್ಟುತ್ತದೆ, ಬೇರೆ ಅಪ್ಪರ್ ಆರ್ಮ್ ಬೇಕಾಗುತ್ತದೆ. ಮುಂದಿನ ಆಕ್ಸಲ್ ಶಾಫ್ಟ್‌ಗಳು ಓರೆಯಾಗಿ ಓಡುತ್ತವೆ. ಫ್ರೀ ವೀಲ್ ಹಬ್ (ಚಕ್ರವನ್ನು ಶಾಫ್ಟ್‌ನಿಂದ ಬಿಡಿಸುವ ಹಬ್) ಇಲ್ಲದ ಗಾಡಿಯಲ್ಲಿ ಫೋರ್ ವೀಲ್ ಹಾಕದಿದ್ದರೂ ಆ ಶಾಫ್ಟ್ ಚಕ್ರದ ಜೊತೆ ತಿರುಗುತ್ತಲೇ ಇರುತ್ತದೆ. ಶಾಫ್ಟ್‌ನ ಜಾಯಿಂಟ್ ಮುಚ್ಚುವ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಅದು ಹರಿದರೆ ಗ್ರೀಸ್ ಹೊರಗೆ, ಮಲೆನಾಡಿನ ಕೆಸರು ಒಳಗೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಸದ್ದು ಬಂದ ಮೇಲೆ ಜಾಯಿಂಟ್ ಬದಲಿಸುವುದೊಂದೇ ದಾರಿ. ಕಲ್ಲು ತಾಗುವುದಕ್ಕೆ ಹೊಟ್ಟೆಯ ಕೆಳಗಿನ ರಕ್ಷಣಾ ತಗಡು ಇದಕ್ಕಿಂತ ಅಗ್ಗ.

ಕೇಳದೆ ಇನ್ನೊಂದು ಮಾತು. 2017ರ ಡಿಸೆಂಬರಿನಲ್ಲಿಯೇ ಕೇಂದ್ರ ಸಾರಿಗೆ ಸಚಿವಾಲಯ ನೀವು ಹಾಕಿಸಿದ ಬಂಪರ್‌ನಂಥ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕಿದವರ ಮೇಲೆ ಕ್ರಮ ತೆಗೆದುಕೊಳ್ಳುವಂತೆ ರಾಜ್ಯಗಳಿಗೆ ಬರೆದಿದೆ. ಪಾದಚಾರಿಗಳಿಗೂ ಗಾಡಿಯೊಳಗಿನವರಿಗೂ ಅದು ಅಪಾಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿಗೆ ಮಿತಿ ಹಾಕುತ್ತದೆ. 2019ರ ತಿದ್ದುಪಡಿಯ ನಂತರ ನಿಯಮ ಮೀರಿದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಕಾಯಿಲ್‌ಓವರ್ ಕೊಳ್ಳುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಬರಹದಲ್ಲಿ ಕೇಳಿ. ಬಂಪರ್ ಅನ್ನು ಬಿಚ್ಚಿಸಿಬಿಡಿ ಎಂಬುದು ನನ್ನ ಸಲಹೆ, ಮೂತಿಯೂ ಅರ್ಧ ತಾನಾಗಿಯೇ ಏಳುತ್ತದೆ. ವಿಂಚ್ ಬೇಕೇ ಬೇಕು ಎಂದರೆ ಉಕ್ಕಿನ ಹಗ್ಗ ತೆಗೆದು ಸಿಂಥೆಟಿಕ್ ಹಗ್ಗ ಹಾಕಿ, ಅದೂ ಕೆಲವು ಕೆಜಿ ಉಳಿಸುತ್ತದೆ.

ಪ್ರಶ್ನೆ (ಸಕಲೇಶಪುರದ ಸದಸ್ಯರು):
ಅಣ್ಣ, ನನ್ನ ಹೈಲಕ್ಸ್‌ಗೆ ಬೇರೆ ಊರಿನಲ್ಲಿ ಕಾಯಿಲ್‌ಓವರ್ ಹಾಕಿಸಿದೆ. ಎತ್ತರ ಚೆನ್ನಾಗಿದೆ. ಆದರೆ ಶಿರಾಡಿ ಘಾಟಿಯಲ್ಲಿ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರವಾಗುವುದಿಲ್ಲ. ಹೆದ್ದಾರಿಯಲ್ಲಿ ಆ ಕಡೆ ಈ ಕಡೆ ಅಲೆಯುತ್ತದೆ. ಅಲೈನ್‌ಮೆಂಟ್ ಮಾಡಿದ್ದೇವೆ ಎಂದರು.

ಉತ್ತರ:
ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಮುಖವೋ ಹೊರಮುಖವೋ ಎಂಬ ಅಳತೆ) ಒಂದನ್ನೇ ನೋಡಿ ಕಳಿಸಿರಬೇಕು. ಗಾಡಿ ಎತ್ತಿದಾಗ ಕ್ಯಾಸ್ಟರ್ ಕೋನ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ಓರೆ) ಕಡಿಮೆಯಾಗುತ್ತದೆ. ಸ್ಟೀರಿಂಗನ್ನು ನೇರಕ್ಕೆ ಎಳೆದು ತರುವುದು ಆ ಕ್ಯಾಸ್ಟರ್. ಲೋವರ್ ಆರ್ಮ್ ಅನ್ನು ಅತ್ತಿತ್ತ ಸರಿಸುವ ಕ್ಯಾಮ್ ಬೋಲ್ಟ್‌ಗಳಿಂದ ಕ್ಯಾಸ್ಟರ್, ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ಓರೆ) ಎರಡನ್ನೂ ಸರಿಪಡಿಸಿ, ಕೊನೆಗೆ ಟೋ ನೋಡಬೇಕು. ಮೂರರ ಅಂಕಿಗಳೂ ಇರುವ ಮುದ್ರಿತ ಹಾಳೆ ಕೇಳಿ ತೆಗೆದುಕೊಳ್ಳಿ. ಕ್ಯಾಮ್ ಕೊನೆಯವರೆಗೆ ತಿರುಗಿಸಿದರೂ ಕ್ಯಾಸ್ಟರ್ ಸಿಗದಿದ್ದರೆ ಎತ್ತರ ಜಾಸ್ತಿಯಾಗಿದೆ ಎಂದೇ ಅರ್ಥ, ಬಳೆ ಇಳಿಸಿ.

ಜೋಡಿಸಿದವರನ್ನು ಇನ್ನೊಂದು ಕೇಳಿ: ಆರ್ಮ್‌ಗಳ ಬುಷ್ ಬೋಲ್ಟ್‌ಗಳನ್ನು ಗಾಡಿ ಲಿಫ್ಟ್ ಮೇಲಿದ್ದಾಗ ಬಿಗಿದರೇ, ಚಕ್ರ ನೆಲಕ್ಕೆ ಊರಿದ ಮೇಲೆಯೇ? ನೇತಾಡುವಾಗ ಬಿಗಿದರೆ, ಗಾಡಿ ಇಳಿಸಿದ ಕೂಡಲೇ ರಬ್ಬರ್ ಬುಷ್ ತಿರುಚಿಕೊಳ್ಳುತ್ತದೆ. ಹಾಗೆಯೇ ಓಡಾಡಿ ಬೇಗ ಹರಿಯುತ್ತದೆ. ಭಾರ ಚಕ್ರದ ಮೇಲಿದ್ದಾಗಲೇ ಕೊನೆಯ ಬಿಗಿತ. ಇದನ್ನು ತಪ್ಪಿಸುವ ಗ್ಯಾರೇಜುಗಳು ಬೇಕಾದಷ್ಟಿವೆ, ಸಂಜೆ ಆರರ ನಂತರ ಇನ್ನೂ ಹೆಚ್ಚು.

ಹೆಡ್‌ಲೈಟ್ ಕೂಡ ಇಳಿಸಿಕೊಳ್ಳಿ. ಮೂತಿ ಎತ್ತಿದ ಗಾಡಿಯ ಬೆಳಕು ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಘಾಟಿಯ ಮಂಜಿನಲ್ಲಿ ನಿಮಗೂ ಬಿಳಿ ಗೋಡೆಯೇ ಕಾಣುತ್ತದೆ.

ಪ್ರಶ್ನೆ (ಬಾಳೆಹೊನ್ನೂರಿನ ಸದಸ್ಯೆ):
ಎತ್ತರವನ್ನು ನಾನೇ ಮನೆಯಲ್ಲಿ ಹೊಂದಿಸಬಹುದೇ? ಕೆಲವು ಸೆಟ್‌ಗಳಲ್ಲಿ ಪಕ್ಕಕ್ಕೆ ಬೇರೆ ಡಬ್ಬಿ ಇರುತ್ತದೆ, ತಿರುಗಿಸುವ ಗುಬುಟು ಇರುತ್ತದೆ. ಅವು ಬೇಕೇ?

ಉತ್ತರ:
ಹೊಂದಿಸಬಹುದು ಮೇಡಂ, ಆದರೆ ಭಾರ ಚಕ್ರದ ಮೇಲಿರುವಾಗ ಬಳೆ ತಿರುಗಿಸಬೇಡಿ, ಮರೆ ಸವೆದುಹೋಗುತ್ತದೆ. ಜ್ಯಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ನೇತಾಡುವಂತೆ ಮಾಡಿ. ಕೆಸರನ್ನು ನೀರು, ಬ್ರಷ್‌ನಿಂದ ತೊಳೆದು ಒಣಗಿಸಿದ ಮೇಲೆಯೇ ಸ್ಪಾನರ್ ಹಾಕಿ. ಅಳತೆಯನ್ನು ನೆಲದಿಂದ ತೆಗೆಯಬೇಡಿ, ಟಯರ್‌ನ ಗಾಳಿ ಹೆಚ್ಚುಕಡಿಮೆ ಇದ್ದರೆ ಲೆಕ್ಕ ತಪ್ಪುತ್ತದೆ. ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ಇಳಿಸಿ, ಸ್ವಲ್ಪ ದೂರ ಓಡಿಸಿ ಬಂದು ಮತ್ತೆ ಅಳೆಯಿರಿ. ಎತ್ತರ ಬದಲಾದರೆ ಅಲೈನ್‌ಮೆಂಟ್ ಮತ್ತೆ ಮಾಡಿಸಲೇಬೇಕು. ಸ್ಪ್ರಿಂಗನ್ನು ಶಾಕ್‌ನಿಂದ ಬಿಡಿಸುವ ಕೆಲಸಕ್ಕೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ. ಅದುಮಿಟ್ಟ ಸ್ಪ್ರಿಂಗ್ ಜಾರಿದರೆ ಕೈ ಮುರಿಯುವಷ್ಟು ಬಲವಿರುತ್ತದೆ.

ಡಬ್ಬಿಯಲ್ಲಿ ಹೆಚ್ಚಿನ ಎಣ್ಣೆ ಮತ್ತು ನೈಟ್ರೋಜನ್ ಇರುತ್ತದೆ. ಮರುಭೂಮಿಯಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡುವವರಿಗೆ ಶಾಕ್ ಬಿಸಿಯಾಗದಂತೆ ಅದು ಬೇಕು. ತೋಟದ ರಸ್ತೆಯಲ್ಲಿ ಎರಡನೇ ಗೇರ್ ದಾಟದ ನಮಗೆ ಅದು ಬಹುಪಾಲು ಅಲಂಕಾರ. ಶಾಕ್ ಎಷ್ಟು ವೇಗವಾಗಿ ಕುಗ್ಗಿ ಚಾಚಬೇಕು ಎಂದು ಹೊಂದಿಸುವ ಗುಬುಟು ಉಪಯೋಗಕ್ಕೆ ಬರುತ್ತದೆ. ಆದರೆ ಶಾಕ್ ವಾಪಸು ಚಾಚುವ ವೇಗವನ್ನು ಅತಿಯಾಗಿ ಕಡಿಮೆ ಮಾಡಬೇಡಿ. ಸಾಲು ಉಬ್ಬುಗಳ ರಸ್ತೆಯಲ್ಲಿ ಒಂದು ಉಬ್ಬಿನಿಂದ ಚಕ್ರ ಕೆಳಗೆ ಬರುವ ಮೊದಲೇ ಇನ್ನೊಂದು ಬಂದು, ಗಾಡಿ ಹಂತಹಂತವಾಗಿ ತಗ್ಗುತ್ತಾ ಕೊನೆಗೆ ಬಂಪ್ ಸ್ಟಾಪ್ ಮೇಲೆ ಕುಳಿತುಬಿಡುತ್ತದೆ. ಕೊಳ್ಳುವಾಗ ಶಾಕ್‌ನ ಕೆಳಗಿನ ಕಣ್ಣಿನಲ್ಲಿ (ಬೋಲ್ಟ್ ತೂರುವ ಬಳೆಯಲ್ಲಿ) ಬೇರಿಂಗ್ ಇದೆಯೇ, ರಬ್ಬರ್ ಬುಷ್ ಇದೆಯೇ ನೋಡಿ. ನಮ್ಮ ಕೆಸರಿಗೆ ರಬ್ಬರ್ ಬುಷ್ ಒಳ್ಳೆಯದು. ಬೇರಿಂಗ್ ಚುರುಕಾಗಿದ್ದರೂ ಕೆಸರು ನುಗ್ಗಿದ ಮೇಲೆ ಟಕಟಕ ಶುರುಮಾಡುತ್ತದೆ.

ಪ್ರಶ್ನೆ (ಬೇಲೂರಿನ ಸದಸ್ಯರು):
ನಮ್ಮದು ಸರಕು ಪಿಕಪ್, ಮುಂದೆಯೂ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸೆಟ್). ಇದಕ್ಕೆ ಕಾಯಿಲ್‌ಓವರ್ ಕೂರುತ್ತದೆಯೇ?

ಉತ್ತರ:
ಇಲ್ಲ ಮಾರಾಯರೇ. ಆಸೆ ಬಿಡಿ. ಶ್ಯಾಕಲ್ (ಪಟ್ಟಿಯ ತುದಿಯ ಕೊಂಡಿ) ಬುಷ್ ಬದಲಿಸಿ, ಮುರಿದ ಪಟ್ಟಿ ಇದ್ದರೆ ಬದಲಿಸಿ, ಒಳ್ಳೆಯ ಶಾಕ್ ಹಾಕಿ. ಯು-ಬೋಲ್ಟ್‌ಗಳನ್ನು ಕೆಲವು ನೂರು ಕಿಲೋಮೀಟರ್ ನಂತರ ಮತ್ತೆ ಬಿಗಿಸಿ. ಅರ್ಧ ದೂರು ಅಲ್ಲಿಗೆ ನಿಲ್ಲುತ್ತದೆ.

ಪ್ರಶ್ನೆ (ಮೂಡಿಗೆರೆಯ ಬೆಳೆಗಾರರು):
ಸರ್, ಕೊನೆಯದು. ಕೊಯ್ಲಿನಲ್ಲಿ ಹಿಂದೆ 50 ಕೆಜಿಯ ಹತ್ತು ಮೂಟೆ ಹೇರಿದಾಗ ಮೂತಿ ತಾನಾಗಿ ಮೇಲೇಳುತ್ತದೆ. ಆಗ ಬಳೆ ಇಳಿಸಬೇಕೇ? ಹಳೆಯ ಶಾಕ್ ಏನು ಮಾಡಲಿ?

ಉತ್ತರ:
ಬಳೆ ಮುಟ್ಟಬೇಡಿ. ಹೊರೆಗೆ ತಕ್ಕಂತೆ ದಿನವೂ ಬದಲಿಸುವ ವಸ್ತು ಅದಲ್ಲ. ಮೂಟೆಗಳನ್ನು ಕ್ಯಾಬಿನ್‌ಗೆ ಒತ್ತಿ ಪೇರಿಸಿ, ಹಿಂದಿನ ಆಕ್ಸಲ್‌ನಿಂದ ಆಚೆಗೆ ಭಾರ ಹೋಗದಿರಲಿ. ಹಿಂದಿನ ಪಟ್ಟಿ ಸೆಟ್ ಸೋತಿದ್ದರೆ ಅದನ್ನು ಬೇರೆಯಾಗಿ ನೋಡೋಣ.

ಹಳೆಯ ಶಾಕ್ ಮತ್ತು ಸ್ಪ್ರಿಂಗನ್ನು ಗುಜರಿಗೆ ಕೊಡಬೇಡಿ. ಒಳ್ಳೆಯ ಕಾಯಿಲ್‌ಓವರ್‌ಗಳನ್ನು ಬಿಚ್ಚಿ ಸೀಲ್, ಎಣ್ಣೆ ಬದಲಿಸಿ ನೈಟ್ರೋಜನ್ ತುಂಬಿಸುವಂತೆ ಮಾಡಿರುತ್ತಾರೆ. ಆ ಕೆಲಸಕ್ಕೆ ಹೊರಗೆ ಕಳಿಸಿದಾಗ ಗಾಡಿ ಶೆಡ್ಡಿನಲ್ಲಿ ನಿಲ್ಲಬಾರದು ಎಂದರೆ ಹಳೆಯ ಜೋಡಿ ಬೇಕು. ಎಡ, ಬಲ ಎಂದು ಬಣ್ಣದಲ್ಲಿ ಗುರುತು ಹಾಕಿ ಒಣಗಿದ ಜಾಗದಲ್ಲಿ ನಿಲ್ಲಿಸಿಡಿ.