ಮಳೆ ಲೆಕ್ಕದ ಪುಟ: ಪಿಎಚ್‌ಪಿಯಲ್ಲಿ ಸ್ಟ್ರಿಂಗನ್ನು ಸಂಖ್ಯೆಯಾಗಿ ಪರಿವರ್ತಿಸುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ (ಗೋಣಿಕೊಪ್ಪಲು)

ನಮ್ಮ ಸುತ್ತಲಿನ ಕಾಫಿ ಬೆಳೆಗಾರರು ತಮ್ಮ ತೋಟಗಳ ಮಳೆಯನ್ನು ಪ್ರತಿದಿನ ಬೆಳಿಗ್ಗೆ ದಾಖಲಿಸಲೆಂದು ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆಯಾದ ಪಿಎಚ್‌ಪಿ 8ರಲ್ಲಿ ಒಂದು ಪುಟವನ್ನು ಸಿದ್ಧಪಡಿಸುತ್ತಿದ್ದೇನೆ. ಕೊಡಗಿನಲ್ಲಿ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಹೇಳುವುದು (100 ಸೆಂಟ್ ಸೇರಿದರೆ ಒಂದು ಇಂಚು) ವಾಡಿಕೆಯಾದ್ದರಿಂದ ಕೆಲವರು "2.45" ಎಂದೂ ಕೆಲವರು "2 ಇಂಚು 45 ಸೆಂಟ್" ಎಂದೂ ಹಿರಿಯರಲ್ಲಿ ಕೆಲವರು "೨.೪೫" ಎಂದೂ ತುಂಬುತ್ತಾರೆ. ಇವನ್ನು ಫ್ಲೋಟ್‌ಗೆ ಕ್ಯಾಸ್ಟ್ ಮಾಡಿದರೆ (ದಶಮಾಂಶ ಸಂಖ್ಯೆಯಾಗಿ ನೇರವಾಗಿ ಪರಿವರ್ತಿಸಿದರೆ) ಮೊದಲನೆಯದು ಸರಿಯಾಗಿ ಬರುತ್ತದೆ, ಎರಡನೆಯದು 2 ಆಗುತ್ತದೆ, ಮೂರನೆಯದು 0 ಆಗುತ್ತದೆ. ಎಲ್ಲಿಯೂ ಎಚ್ಚರಿಕೆ ಕಾಣುವುದಿಲ್ಲ. ಮಳೆಯಿಲ್ಲದ ದಿನ "0" ಎಂದು ತುಂಬಿದವರಿಗೆ ಅಳತೆ ತುಂಬಿಲ್ಲವೆಂಬ ಸಂದೇಶ ಹೋಗುತ್ತಿದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ವಿರಾಜಪೇಟೆ)

ಫಾರ್ಮ್‌ನ ಪೆಟ್ಟಿಗೆಯಲ್ಲಿ ತುಂಬಿದ್ದು ಸಂಖ್ಯೆಯಂತೆ ಕಂಡರೂ ಪಿಎಚ್‌ಪಿಗೆ ತಲುಪುವುದು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಯೇ. ಕ್ಯಾಸ್ಟ್ ಎಂಬುದು ಪರೀಕ್ಷೆಯಲ್ಲ. ಅದು ಎಡದಿಂದ ಸಂಖ್ಯೆಯಾಗಿ ಓದಲು ಸಾಧ್ಯವಾದಷ್ಟನ್ನು ಓದಿ ಉಳಿದದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಆದ್ದರಿಂದ ಮೊದಲು ಫಿಲ್ಟರ್_ವಾರ್ (filter_var) ಎಂಬ ಫಂಕ್ಷನ್ ಮೂಲಕ ಫ್ಲೋಟ್ ಹೌದೇ ಎಂದು ಪರೀಕ್ಷಿಸಿ, ಅಲ್ಲವಾದರೆ ತುಂಬಿದವರಿಗೇ ಹಿಂದಿರುಗಿಸಿ. ಸಂಖ್ಯೆಯೇ ಎಂದು ನೋಡುವ ಈಸ್_ನ್ಯೂಮರಿಕ್ (is_numeric) ಕೂಡ ಇದೆ, ಆದರೆ ಎರಡೂ "1e3" ಎಂಬ ರೂಪವನ್ನು ಸಾವಿರವೆಂದು ಒಪ್ಪಿಕೊಳ್ಳುವುದರಿಂದ ಒಂದು ಗರಿಷ್ಠ ಮಿತಿಯನ್ನೂ ಇಡುವುದು ಒಳ್ಳೆಯದು.

"0" ತುಂಬಿದವರಿಗೆ ಆ ಸಂದೇಶ ಹೋಗಲು ಕಾರಣ, ತಾವು ಖಾಲಿಯೇ ಎಂದು ನೋಡುವ ಎಂಪ್ಟಿ (empty) ಬಳಸಿರಬೇಕು. ಅದು "0" ಎಂಬ ಸ್ಟ್ರಿಂಗನ್ನೂ ಖಾಲಿಯೆಂದೇ ಎಣಿಸುತ್ತದೆ. ಟ್ರಿಮ್ ಮಾಡಿದ (ಅಂಚಿನ ಖಾಲಿ ಜಾಗ ತೆಗೆದ) ಬಳಿಕ ಖಾಲಿ ಸ್ಟ್ರಿಂಗ್‌ನೊಂದಿಗೆ === ಚಿಹ್ನೆಯಿಂದ (ಮೌಲ್ಯವೂ ಪ್ರಕಾರವೂ ಒಂದೇ ಆಗಿದೆಯೇ ಎಂದು) ಹೋಲಿಸಿ; ಫಿಲ್ಟರ್_ವಾರ್ ಕೊಡುವ ಫಾಲ್ಸ್ ಅನ್ನು ಗುರುತಿಸಲು ಕೂಡ ಅದೇ ಚಿಹ್ನೆ ಬೇಕು, ಇಲ್ಲವಾದರೆ ನಿಜವಾದ 0 ತಿರಸ್ಕೃತವಾಗುತ್ತದೆ. ಮಾಪಕವನ್ನು ನೋಡದ ದಿನವನ್ನು ನಲ್ (ಮೌಲ್ಯವೇ ಇಲ್ಲ) ಎಂದು ಉಳಿಸಿ. ಅದನ್ನು 0 ಮಾಡಿದರೆ ಮಳೆ ಬಿದ್ದ ದಿನವೂ ಒಣದಿನವಾಗಿ ಲೆಕ್ಕಕ್ಕೆ ಸೇರಿ ಸರಾಸರಿಯೇ ಕೆಡುತ್ತದೆ.

ಉತ್ತರ (ಸೋಮವಾರಪೇಟೆ)

ಕನ್ನಡ ಅಂಕಿಗಳ ಕುರಿತು: ಕ್ಯಾಸ್ಟ್ ಆಗಲಿ ಫಿಲ್ಟರ್_ವಾರ್ ಆಗಲಿ 0ಯಿಂದ 9ರವರೆಗಿನ ಅಂಕಿಗಳನ್ನು ಮಾತ್ರ ಬಲ್ಲವು. ಪರೀಕ್ಷೆಗೆ ಮುನ್ನ ಅಕ್ಷರಗಳನ್ನು ಬದಲಿಸುವ ಫಂಕ್ಷನ್ ಆದ ಎಸ್‌ಟಿಆರ್‌ಟಿಆರ್ ಬಳಸಿ ೦ಯಿಂದ ೯ರವರೆಗಿನವನ್ನು ಬದಲಾಯಿಸಿಕೊಳ್ಳಿ. ಆದರೆ ಅದಕ್ಕೆ ಜೋಡಿಗಳ ಅರೇ (ಪಟ್ಟಿ) ಕೊಡಬೇಕು. ಎರಡು ಸ್ಟ್ರಿಂಗ್‌ಗಳನ್ನು ಕೊಟ್ಟರೆ ಅದು ಬೈಟ್‌ಗೆ ಬೈಟ್ ಬದಲಾಯಿಸುತ್ತದೆ, ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಪದ್ಧತಿಯಾದ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಅಂಕಿಯೂ 3 ಬೈಟ್ ಆಗಿರುವುದರಿಂದ ಪಠ್ಯ ಹಾಳಾಗುತ್ತದೆ. ಹಿರಿಯರು ಕನ್ನಡದಲ್ಲಿ ಬರೆಯುವುದನ್ನು ದಯವಿಟ್ಟು ತಡೆಯಬೇಡಿ, ಪ್ರೋಗ್ರಾಂ ಅವರಿಗೆ ಹೊಂದಿಕೊಳ್ಳಲಿ.

ಉತ್ತರ (ಮಡಿಕೇರಿ)

ನನ್ನ ಅಭಿಪ್ರಾಯದಲ್ಲಿ ಫ್ಲೋಟ್ ಇಲ್ಲಿ ಬೇಡವೇ ಬೇಡ. ಇಂಚಿಗೆ ಒಂದು, ಸೆಂಟ್‌ಗೆ ಒಂದು ಎಂದು ಎರಡು ಪೆಟ್ಟಿಗೆಗಳನ್ನಿಟ್ಟು, 2 ಇಂಚು 45 ಸೆಂಟನ್ನು 245 ಎಂಬ ಪೂರ್ಣಾಂಕವಾಗಿ ಉಳಿಸಿ. 0.29ನ್ನು 100ರಿಂದ ಗುಣಿಸಿ ಪೂರ್ಣಾಂಕವಾದ ಇಂಟ್‌ಗೆ ಕ್ಯಾಸ್ಟ್ ಮಾಡಿದರೆ 29ರ ಬದಲು 28 ಬರುತ್ತದೆ, ಏಕೆಂದರೆ ಗುಣಲಬ್ಧ 29ಕ್ಕಿಂತ ಕೂದಲೆಳೆಯಷ್ಟು ಕಡಿಮೆಯಿದ್ದು ಕ್ಯಾಸ್ಟ್ ದಶಮಾಂಶವನ್ನು ಕತ್ತರಿಸಿಹಾಕುತ್ತದೆ. ಅನಿವಾರ್ಯವಾದರೆ ಮೊದಲು ರೌಂಡ್ ಮಾಡಿ. ಮಿಲಿಮೀಟರ್ ಬೇಕಾದಾಗ ಸೆಂಟ್‌ಗಳನ್ನು 0.254ರಿಂದ ಗುಣಿಸಿ ತೋರಿಸಿದರೆ ಸಾಕು. ಅಂಕಿಗಳಿಂದ ಕೂಡಿದ ಎಲ್ಲವೂ ಸಂಖ್ಯೆಯಲ್ಲ ಎಂಬುದನ್ನೂ ಗಮನಿಸಿ: ದೂರವಾಣಿ ಕೋಡ್ 08272 ಇಂಟ್ ಆದರೆ 8272 ಆಗುತ್ತದೆ, ಸರ್ವೆ ನಂಬರ್ 45/2 ಬರಿಯ 45 ಆಗುತ್ತದೆ.

ಪ್ರಶ್ನೆ ಕೇಳಿದವರು (ಗೋಣಿಕೊಪ್ಪಲು)

ಎಲ್ಲರಿಗೂ ಕೃತಜ್ಞತೆಗಳು. ಈಗಾಗಲೇ ಫ್ಲೋಟ್ ಆಗಿ ಉಳಿದಿರುವ ದಾಖಲೆಗಳನ್ನು 100ರಿಂದ ಗುಣಿಸಿ ರೌಂಡ್ ಮಾಡಿದರೆ ಸಾಕೇ?

ಉತ್ತರ (ಮಡಿಕೇರಿ)

ಬಿಂದುವಿನ ನಂತರ ಎರಡು ಅಂಕಿಗಳಿರುವವಕ್ಕೆ ಸಾಕು. 2.5 ಎಂದಿರುವ ಕಡೆ ನಿಲ್ಲಿ. ಅದು 2 ಇಂಚು 50 ಸೆಂಟೋ, 2 ಇಂಚು 5 ಸೆಂಟನ್ನೇ ಹಾಗೆ ಬರೆದದ್ದೋ ತಿಳಿಯುವುದಿಲ್ಲ, "2.50" ಮತ್ತು "2.5" ಸ್ಟ್ರಿಂಗ್ ಆಗಿದ್ದಾಗ ಬೇರೆ, ಫ್ಲೋಟ್ ಆದೊಡನೆ ಒಂದೇ. ಅಂತಹ ಸಾಲುಗಳನ್ನು ಪ್ರತ್ಯೇಕಿಸಿ ಆಯಾ ತೋಟದವರ ಡೈರಿಯೊಂದಿಗೆ ತಾಳೆ ನೋಡಿ, ಇನ್ನು ಮುಂದೆ ತುಂಬಿದ ಮೂಲ ಪಠ್ಯವನ್ನೂ ಬೇರೆ ಕಾಲಂನಲ್ಲಿ ಹಾಗೆಯೇ ಇರಿಸಿ.