ಅಪ್‌ಡೇಟ್: ಎಂಜಿನ್ ಜಿಡ್ಡು ಹೋಯಿತು, ಲೀಕ್ ಸಿಕ್ಕಿತು

ಮಳೆಗಾಲದ ಕೆಮ್ಮಣ್ಣು, ಚೈನ್ ಎಣ್ಣೆ ಎಲ್ಲಾ ಸೇರಿ ನನ್ನ ಸ್ಪ್ಲೆಂಡರ್ ಬೈಕ್ ಎಂಜಿನ್ ಕರಿ ಹಿಡಿದಿದೆ, ಮನೆಯಲ್ಲೇ ತೊಳೆಯುವುದು ಹೇಗೆ ಅಂತ ಕೇಳಿದ್ದೆ ಅಲ್ವಾ? ತೊಳೆದಾಯಿತು.

ಡೀಸೆಲ್ ಬಿಟ್ಟು ಡಿಗ್ರೀಸರ್ (ಜಿಡ್ಡು ಬಿಡಿಸುವ ದ್ರಾವಣ) ಆರಿಸಿಕೊಂಡೆ. ಡೀಸೆಲ್ ಜಿಡ್ಡು ಬಿಡಿಸುತ್ತದೆ ನಿಜ, ಆದರೆ ರಬ್ಬರ್‌ಗೆ ಒಳ್ಳೆಯದಲ್ಲ, ಉಳಿದ ಪಸೆಗೆ ಮತ್ತೆ ಧೂಳು ಅಂಟುತ್ತದೆ. ಕಾಸ್ಟಿಕ್ ಸೋಡಾ ಹಾಕಿ ಅಂದವರೇ, ಅದು ಎಂಜಿನ್ನಿನ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ ಮಾರಾಯ್ರೆ!

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದೆ. ಸ್ಪಾರ್ಕ್ ಪ್ಲಗ್ ಕ್ಯಾಪ್ ಗಟ್ಟಿಯಾಗಿ ಒತ್ತಿದೆ. ಮೊದಲು ಬರೀ ನೀರಲ್ಲಿ ಮಣ್ಣು ನೆನೆಸಿ ತೆಗೆದೆ, ಆಮೇಲೆ ಡಿಗ್ರೀಸರ್. ಅದು ಒಣಗುವ ಮೊದಲೇ ಉಜ್ಜಬೇಕು. ಫಿನ್‌ಗಳ (ಎಂಜಿನ್ ಮೇಲಿನ ತೆಳು ಲೋಹದ ಪಟ್ಟಿಗಳ) ಸಂದಿಗೆ ಹಳೇ ಟೂತ್‌ಬ್ರಷ್ ಸಾಕಾಯಿತು. ಗಾಳಿಯಿಂದಲೇ ತಣಿಯುವ ಎಂಜಿನ್ ಇದು, ಅಲ್ಲಿ ಮಣ್ಣು ತುಂಬಿದರೆ ಬಿಸಿ ಹೊರಗೆ ಹೋಗುವುದಿಲ್ಲ.

ಜಾಸ್ತಿ ಕೊಳೆ ಇದ್ದದ್ದು ಮುಂದಿನ ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲಿನ ಚಕ್ರ) ಕವರ್ ಒಳಗೆ. ಕವರ್ ಬಿಚ್ಚಿದರೆ ಗ್ರೀಸ್, ಮಣ್ಣು, ಹುಲ್ಲು ಸೇರಿ ಮುದ್ದೆ ಕಟ್ಟಿತ್ತು. ನೀರು ಹಾಕದೆ ಹಳೇ ಸ್ಕ್ರೂಡ್ರೈವರ್‌ನಿಂದ ಕೆರೆದೆ. ಸುಮ್ನೆ ಹೊರಗೆ ಹೊಳಪು ಮಾಡುವವರು ಇದನ್ನೂ ನೋಡಿ.

ಪ್ರೆಷರ್ ವಾಷರ್ ಬಳಸಲಿಲ್ಲ, ಬಕೆಟ್ ನೀರೇ. ಕೊನೆಗೆ ಬಟ್ಟೆಯಲ್ಲಿ ಒರೆಸಿ, ಸೈಲೆನ್ಸರ್ ಪ್ಲಾಸ್ಟಿಕ್ ತೆಗೆದು ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿಟ್ಟೆ, ಚೈನ್‌ಗೆ ಲ್ಯೂಬ್ ಹಾಕಿದೆ.

ಈಗ ಗೇರ್ ಲಿವರ್ ಶಾಫ್ಟ್ ಹತ್ತಿರ ಹೊಸದಾಗಿ ಎಣ್ಣೆ ಜಿನುಗುವುದು ಕಾಣುತ್ತಿದೆ. ಎಣ್ಣೆ ಹೊರಬರದಂತೆ ತಡೆಯುವ ಆಯಿಲ್ ಸೀಲ್ ಸವೆದಿರಬೇಕು. ಅದನ್ನು ಮನೆಯಲ್ಲೇ ಬದಲಿಸಿದವರು ಯಾರಾದರೂ ಇದ್ದೀರಾ?