ಪರಿಸರದ ಪಾಠ ಎಲ್ಲ ಬ್ರಾಂಚ್‌ಗೂ: ಯಾವ ವಿಷಯ ಹಿಡಿಯೋಣ?

ಪ್ರಶ್ನೆ (ಕೋಲಾರ, ಇಂಜಿನಿಯರಿಂಗ್ ಅಧ್ಯಾಪಕರು)
ಪರಿಸರ ಅಧ್ಯಯನ ಒಂದು ಪೇಪರ್‌ಗೇ ಮುಗಿದುಹೋಗುತ್ತಿದೆ. ಆಮೇಲೆ ಯಾವ ಬ್ರಾಂಚಿನ ಲೆಕ್ಕದಲ್ಲೂ ಅದರ ಸುಳಿವಿಲ್ಲ. ಹೊಸ ಪೇಪರ್‌ಗೆ ಜಾಗವಿಲ್ಲ. ಸಿವಿಲ್, ಮೆಕ್ಯಾನಿಕಲ್, ಇ.ಸಿ. (ಎಲೆಕ್ಟ್ರಾನಿಕ್ಸ್), ಕಂಪ್ಯೂಟರ್ ಸೈನ್ಸ್ ಎಲ್ಲಕ್ಕೂ ಹೊಂದುವ ಒಂದೇ ವಿಷಯ ಸೂಚಿಸಿ.

ಉತ್ತರ 1 (ಸಿವಿಲ್)
ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ ತಗೊಳ್ಳಿ ಸರ್, ಆರ್‌ಓ ಇರುವಂಥದ್ದು (ಒತ್ತಡ ಹಾಕಿ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಸೋಸುವ ವಿಧಾನ). ಕೊಳವೆಬಾವಿಯ ಫ್ಲೋರೈಡ್ ಬಗ್ಗೆ ಇಲ್ಲಿನ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲು ಮಾಸ್ ಬ್ಯಾಲೆನ್ಸ್ (ಒಳಗೆ ಬಂದದ್ದೆಷ್ಟು, ಎಲ್ಲೆಲ್ಲಿ ಹೊರಹೋಯಿತು ಎಂಬ ಲೆಕ್ಕ) ಮಾಡಿಸಿ. ಒಳಬರುವ 1,000 ಲೀಟರಿನಲ್ಲಿ ಫ್ಲೋರೈಡ್ ಲೀಟರಿಗೆ 2 ಮಿ.ಗ್ರಾಂ, ಅರ್ಧ ನೀರು ಕ್ಯಾನಿಗೆ, ಅದರಲ್ಲಿ ಉಳಿದದ್ದು 0.2 ಎಂದಿಟ್ಟುಕೊಳ್ಳಿ. ಹಾಗಾದರೆ ರಿಜೆಕ್ಟ್ ನೀರಿನಲ್ಲಿ (ಘಟಕ ಹೊರಚೆಲ್ಲುವ ಉಳಿದರ್ಧ) 3.8. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಮಿತಿ 1, ಬೇರೆ ನೀರೇ ಇಲ್ಲದಿದ್ದರೆ 1.5. ಈಗ ‘ಇದನ್ನು ಎಲ್ಲಿಗೆ ಬಿಡುತ್ತೀರಿ?’ ಎಂದು ಕೇಳಿ. ‘ಇಂಗುಗುಂಡಿಗೆ’ ಎಂಬ ಉತ್ತರ ಬಂದರೆ ಅಲ್ಲೇ ನಿಲ್ಲಿಸಿ: ಉಪ್ಪು, ಫ್ಲೋರೈಡ್ ಎರಡೂ ಅದೇ ಅಂತರ್ಜಲಕ್ಕೆ ವಾಪಸ್. ಇಡೀ ಪಾಠದ ತಿರುಳು ಇದೇ. ಸ್ಯಾಂಪಲ್ ಮಾತ್ರ ಪ್ಲಾಸ್ಟಿಕ್ ಬಾಟಲಿಯಲ್ಲಿ ತರಿಸಿ, ಗಾಜು ಬೇಡ.

ಉತ್ತರ 2 (ಮೆಕ್ಯಾನಿಕಲ್)
ಪಂಪ್ ಲೆಕ್ಕಕ್ಕೆ ಇದನ್ನೇ ಕೊಡಿ. ಹೆಡ್ (ಪಂಪ್ ನೀರನ್ನು ಎತ್ತಬೇಕಾದ ಒಟ್ಟು ಎತ್ತರ, ಘರ್ಷಣೆ ನಷ್ಟವೂ ಸೇರಿ) 300 ಮೀಟರ್, ಮೋಟಾರು-ಪಂಪು ಸೇರಿ ದಕ್ಷತೆ ಶೇ 45 ಆದರೆ 1,000 ಲೀಟರ್ ಎತ್ತಲು ಸುಮಾರು 1.8 ಯೂನಿಟ್. ಕೈಗೆ ಸಿಗುವುದು 20 ಲೀಟರಿನ 25 ಕ್ಯಾನ್ ಅಷ್ಟೇ. ಆರ್‌ಓ ಪಂಪಿನ ಕರೆಂಟು ಬೇರೆ. ಕೊರೆಸಿದ ಆಳವನ್ನೇ ಹೆಡ್ ಎಂದು ಬರೆದುಬಿಡುತ್ತಾರೆ. ಬೇಕಿರುವುದು ಪಂಪ್ ಓಡುವಾಗಿನ ನೀರಿನ ಮಟ್ಟ, ಅದರ ಜೊತೆ ಪೈಪಿನ ಘರ್ಷಣೆ ನಷ್ಟ, ಮೇಲಿನ ಟ್ಯಾಂಕಿನ ಎತ್ತರ.

ಉತ್ತರ 3 (ಇ.ಸಿ.)
ಒಳಬರುವ ಪೈಪಿಗೊಂದು, ರಿಜೆಕ್ಟ್ ಪೈಪಿಗೊಂದು ಫ್ಲೋ ಸೆನ್ಸರ್. ಒಳನೀರಿಗೂ ಶುದ್ಧ ನೀರಿಗೂ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಪ್ರೋಬ್, ಇದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಫ್ಲೋ ಸೆನ್ಸರನ್ನು ಕ್ಯಾನ್ ಮತ್ತು ಸ್ಟಾಪ್‌ವಾಚ್ ಹಿಡಿದು ಕ್ಯಾಲಿಬ್ರೇಟ್ ಮಾಡಿಸಿ, ಡಬ್ಬಿಯ ಮೇಲಿನ ಸಂಖ್ಯೆ ನಂಬಬೇಡಿ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇ 2 ಏರುತ್ತದೆ. ತಿದ್ದದಿದ್ದರೆ ಮಧ್ಯಾಹ್ನದ ಓದು ಸುಳ್ಳು. ಟಿಡಿಎಸ್ ಕಡಿಮೆ ಇದ್ದ ಮಾತ್ರಕ್ಕೆ ಫ್ಲೋರೈಡ್ ಕಡಿಮೆ ಎಂದಲ್ಲ, ಇದನ್ನು ಒತ್ತಿ ಹೇಳಲೇಬೇಕು. ಕಂಪ್ಯೂಟರ್ ಸೈನ್ಸ್‌ನವರಿಗೆ ಬರೀ ಡ್ಯಾಶ್‌ಬೋರ್ಡ್ ಸಾಲದು: ಶುದ್ಧ ನೀರಿನ ಟಿಡಿಎಸ್‌ಗೂ ಒಳನೀರಿನ ಟಿಡಿಎಸ್‌ಗೂ ಇರುವ ಅನುಪಾತ ವಾರದಿಂದ ವಾರಕ್ಕೆ ಏರುತ್ತಿದ್ದರೆ ಮೆಂಬ್ರೇನ್ (ಸೋಸುವ ಪೊರೆ) ಕೆಡುತ್ತಿದೆ ಎಂದು ಎಚ್ಚರಿಸುವ ಪ್ರೋಗ್ರಾಂ ಬರೆಯಲಿ.

ಪ್ರಶ್ನೆ ಕೇಳಿದವರು
ಬಹಳ ಉಪಯೋಗವಾಯಿತು. ಆದರೆ ಈ ಪಾಠಗಳು ಬೇರೆ ಬೇರೆ ಸೆಮಿಸ್ಟರಿನಲ್ಲಿ ಬರುತ್ತವೆ, ಹೊಂದುವುದಿಲ್ಲವಲ್ಲ?

ಉತ್ತರ 1 (ಸಿವಿಲ್)
ಹೊಂದಿಸಲು ಹೋಗಬೇಡಿ. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್ ಅಳೆದದ್ದು ಒಂದೇ ಶೀಟಿನಲ್ಲಿರಲಿ: ದಿನಾಂಕ, ಹೊತ್ತು, ಸ್ಯಾಂಪಲ್ ತೆಗೆದ ನಲ್ಲಿ, ಅಳೆದ ವಿಧಾನ, ಅಳತೆಯ ಮಾನ (ಯೂನಿಟ್). ಮೂರನೇ ವರ್ಷದವರು ಅದನ್ನೇ ಬಳಸಲಿ. ಇನ್ನೊಂದು ಬ್ರಾಂಚಿನ ಅಂಕಿ ಬಳಸಿ, ಅದರ ದೋಷ ಎಷ್ಟು ಎಂದು ಬರೆದವರಿಗೇ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಇಡಿ.